ಶನಿವಾರದ ಏಕವಚನ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಉಸಿರಕ್ಕ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಿಂದ ಬರುತ್ತಿದ್ದುದು ಅವೇ ಮಾತುಗಳು: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲುಗಾಡ್ಬೇಡಿ. ಹ್ಞಾಂ, ಬಿಡಿ." ಕೆಮ್ಮುವ ಮುದುಕರು, ಸೊಂಟ ಹಿಡಿದವರು, ಜಾರಿ ಬಿದ್ದು ಮೊಣಕೈ ಊದಿಸಿಕೊಂಡವರು, ಯಾರೇ ಬರಲಿ ಅವಳ ದನಿ ಒಂದೇ ಮಟ್ಟದಲ್ಲಿರುತ್ತಿತ್ತು. ಏರುತ್ತಿರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ವಾರ್ಡಿನಲ್ಲಿ ನರ್ಸುಗಳ ಕೈಗೆ ಸಿಗದೆ ಕೊಸರಾಡುತ್ತಿದ್ದ ರೋಗಿ ಅವಳ ಮುಂದೆ ಬಂದರೆ ಕಂಬದ ಹಾಗೆ ನಿಂತುಬಿಡುತ್ತಿದ್ದ. "ಏನ್ ಮಾಟ ಮಾಡ್ತೀಯೋ ಮಾರಾಯ್ತಿ," ಎಂದು ನರ್ಸುಗಳು ತಮಾಷೆ ಮಾಡುತ್ತಿದ್ದರು.

ಆ ಕೋಣೆಯ ಹೊಸಿಲು ದಾಟಿ ಹೊರಗೆ ಬಂದಳೆಂದರೆ ಅವಳು ಬೇರೆಯೇ ಹೆಂಗಸು. ತರಕಾರಿಯವನು ಕೊಳೆತದ್ದನ್ನು ತೂಗಿ ಕೊಟ್ಟರೂ ತುಟಿ ಪಿಟಕ್ಕೆನ್ನದೆ ತರುವಳು. ಬಸ್ಸಿನಲ್ಲಿ ತನ್ನ ಕಾಲು ತುಳಿದವರಿಗೆ ತಾನೇ ಸಾರಿ ಹೇಳುವಳು. ಮನೆಯಲ್ಲಿ ತೆರೆದ ಒಂದು ಕಿಟಕಿ ಹಾಕಿಸಬೇಕಾದರೂ, "ರೀ, ನಿಮಗೆ ತೊಂದ್ರೆ ಇಲ್ಲ ಅಂದ್ರೆ, ಆ ಕಡೆ ಹೋದಾಗ ಒಂಚೂರು ಕಿಟಕಿ... ಬೇಡ ಬಿಡಿ, ನಾನೇ ಹಾಕ್ತೀನಿ," ಎಂದು ತಾನೇ ಏಳುವಳು.

"ಕಿಟಕಿ ಹಾಕ್ಸೋಕೂ ಅರ್ಜಿ ಬರೀತೀಯಲ್ಲೇ!" ಎಂದು ಗಂಡ ನಗುತ್ತಿದ್ದ.

ಅವಳು ಹೀಗಾಗಲು ಕಾರಣ ಅವಳ ಅಪ್ಪ. ಅವನು ಒಂದು ದೊಡ್ಡ ಗೋದಾಮಿನ ಮೇಲ್ವಿಚಾರಕ. ಗೋದಾಮಿನಲ್ಲಿ ಮೂಟೆ ಹೊರುವವರ ಮೇಲೆ ಎಷ್ಟು ದರ್ಪ ತೋರಿಸುತ್ತಿದ್ದನೋ, ಅದಕ್ಕಿಂತ ಒಂದು ಕೈ ಹೆಚ್ಚೇ ಮನೆಯಲ್ಲಿ ತೋರಿಸುತ್ತಿದ್ದ. ಹೊಡೆದದ್ದು ಕಡಿಮೆ. ಹೊಡೆಯುವ ಅಗತ್ಯವೇ ಬೀಳದ ಹಾಗೆ ಮನೆಯನ್ನು ಇಟ್ಟುಕೊಂಡಿದ್ದ. ಗೇಟು ತೆಗೆದ ಸದ್ದಿನಲ್ಲೇ ಅವಳಿಗೂ ಅವಳ ತಮ್ಮನಿಗೂ ಅಂದಿನ ಸಂಜೆ ಹೇಗಿರುತ್ತದೆಂದು ಗೊತ್ತಾಗುತ್ತಿತ್ತು. ಅವನು ಉಂಡು ಕೈ ತೊಳೆಯುವವರೆಗೆ ತಾಯಿ ಅಡುಗೆಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿರಬೇಕು. ಕರೆದದ್ದು ಕೇಳಿಸದಿದ್ದರೆ, "ಏನು, ಕಿವಿ ಇಲ್ವಾ ನಿನಗೆ?" ಎನ್ನುತ್ತಿದ್ದ. ಆ ಒಂದು ಮಾತಿಗೆ ಮೂವರ ಕೈಕಾಲೂ ತಣ್ಣಗಾಗುತ್ತಿದ್ದವು. ಅವನು ಸತ್ತ ದಿನ ಮನೆಯಲ್ಲಿ ಯಾರೂ ಜೋರಾಗಿ ಅಳಲಿಲ್ಲ. ಸದ್ದು ಮಾಡುವ ಅಭ್ಯಾಸವೇ ಯಾರಿಗೂ ಇರಲಿಲ್ಲ.

ಆಗಲೇ ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು: ಜನ್ಮದಲ್ಲಿ ಯಾರಿಗೂ ಹೀಗೆ ಮಾಡು, ಹಾಗೆ ಮಾಡು ಎನ್ನುವುದಿಲ್ಲ. ಎಕ್ಸ್‌ರೇ ಕೋಣೆಯ ಮಾತು ಬೇರೆ. ಅದು ಅವರ ಒಳ್ಳೆಯದಕ್ಕೆ, ಮೇಲಾಗಿ ಒಂದು ಉಸಿರಿನಲ್ಲಿ ಮುಗಿದುಹೋಗುವಂಥದ್ದು.

ಗಂಡ ಸಿಕ್ಕಿದ್ದೂ ಆ ಕೋಣೆಯಲ್ಲೇ. ಅವನು ಬಡಗಿ, ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡವನು. ಕದ ತುಂಬುವ ಭುಜ, ಪಕ್ಕದ ಬೀದಿಗೆ ಕೇಳುವ ನಗು. ಯಾರದೋ ಮನೆಯ ವಾರ್ಡ್‌ರೋಬಿಗೆ ಮೇಲಿನ ಪಟ್ಟಿ ಹೊಡೆಯುವಾಗ ಏಣಿ ಜಾರಿ, ಎಡಗೈ ಮಣಿಕಟ್ಟು ಮುರಿದುಕೊಂಡು ಬಂದಿದ್ದ. ಮರು ಎಕ್ಸ್‌ರೇಗೆ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಸಲ ಬಂದ. ಕಡೆಗೆ ಪ್ಲಾಸ್ಟರ್ ಬಿಚ್ಚಿದ ಮೇಲೂ ಬಂದು, ತೋರಿಸಲು ಮೂಳೆ ಯಾವುದೂ ಉಳಿಯದೆ, ಮದುವೆಯ ಮಾತೆತ್ತಿದ. ಇಬ್ಬರಿಗೂ ಮೂವತ್ತು ದಾಟಿತ್ತು. ಅವಳು ಯೋಚಿಸಲು ಒಂದು ವಾರ ಕೇಳಿ, ಎರಡನೇ ದಿನಕ್ಕೇ ಒಪ್ಪಿದಳು. ಮಕ್ಕಳಾಗಲಿಲ್ಲ. ಒಂದಷ್ಟು ಪರೀಕ್ಷೆ, ಔಷಧಿ ಎಂದು ಓಡಾಡಿ, ಆಮೇಲೆ ಆ ಮಾತನ್ನು ಇಬ್ಬರೂ ಸೇರಿ ಪಕ್ಕಕ್ಕಿಟ್ಟರು. ಹೊಂದಿಕೊಂಡು ಹೋಗುವ ಜೋಡಿ ಎಂದು ನೆಂಟರಿಷ್ಟರು ಹೇಳುತ್ತಿದ್ದರು. ಅದು ಸುಳ್ಳೇನಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನು ಹಿಂದಿನ ಜಗಲಿಯಲ್ಲಿ ಒಂದು ಸ್ಟೂಲಿಗೆ ಮರಳುಕಾಗದ ಉಜ್ಜುತ್ತಾ ಕೂತಿದ್ದ. ಅವಳು ಪೇಪರು ಓದುತ್ತಿದ್ದಳು. ಒಂದೇ ಕಾಲನ್ನು ಅವನು ಬಹಳ ಹೊತ್ತಿನಿಂದ ಉಜ್ಜುತ್ತಿದ್ದಾನೆ ಎನ್ನುವುದು ಅವಳ ಗಮನಕ್ಕೆ ಬಂತು.

"ನಿನ್ನ ಹತ್ರ ಒಂದ್ ವಿಷ್ಯ ಹೇಳ್ಬೇಕು," ಅಂದ. "ನಗಬಾರ್ದು."

"ಯಾರನ್ನಾದ್ರೂ ಇಷ್ಟಪಟ್ಟಿದೀರಾ ಹೇಗೆ?"

"ಹೂಂ. ನಿನ್ನನ್ನೇ." ಅವನು ನಗಲಿಲ್ಲ. "ಆವತ್ತು ಕೈ ಮುರ್ಕೊಂಡು ಬಂದಿದ್ನಲ್ಲ. ನೀನು 'ಅಲುಗಾಡ್ಬೇಡಿ' ಅಂದೆ. ನೋವು ಜೀವ ಹೋಗೋ ಹಾಗಿತ್ತು. ಆದ್ರೂ ಮೈಯೆಲ್ಲಾ ಹಗುರ ಆಯ್ತು ಕಣೇ. ಇನ್ನು ನಾನೇನೂ ಯೋಚ್ನೆ ಮಾಡ್ಬೇಕಾಗಿಲ್ಲ, ಇವ್ರು ಹೇಳಿದ ಹಾಗೆ ಇದ್ರೆ ಸಾಕು ಅನ್ನಿಸ್ತು. ಅಷ್ಟು ನೆಮ್ಮದಿ ನನಗೆ ಎಲ್ಲೂ ಸಿಕ್ಕಿಲ್ಲ."

"ಅದಕ್ಕೆ?"

"ಅದಕ್ಕೆ... ಮನೇಲೂ ಆಗಾಗ ಹಾಗೆ ಇರ್ಬೇಕು ಅಂತ ಆಸೆ. ರೂಮಲ್ಲಿ, ನಾವಿಬ್ರೇ ಇರೋವಾಗ. ನೀನು ಹೇಳ್ಬೇಕು, ನಾನು ಕೇಳ್ಬೇಕು. ನೀನು ನನ್ನ ಹೋಗೋ ಬಾರೋ ಅನ್ಬೇಕು. ನಾನು ನಿನ್ನ ನೀವು, ತಾವು ಅನ್ಬೇಕು." ಅವನ ಕಿವಿಯ ತುದಿ ಕೆಂಪಾಗಿತ್ತು. "ಮದ್ವೆಗೆ ಮುಂಚಿಂದ್ಲೂ ಇದೆ ಇದು. ಹೇಳೋಕೆ ಬಾಯಿ ಬಂದಿರ್ಲಿಲ್ಲ."

ಅವಳಿಗೆ ಮೊದಲು ನಗುವೇ ಬಂತು. ಇಷ್ಟು ದೊಡ್ಡ ಆಳು, ನಾಲ್ಕು ಜನ ಎತ್ತುವ ಹಲಗೆಯನ್ನು ಒಬ್ಬನೇ ಹೆಗಲಿಗೇರಿಸುವವನು. ಅವನ ಮುಖ ನೋಡಿ ನಗು ಅಲ್ಲೇ ನಿಂತಿತು. ಅದರ ಬೆನ್ನಿಗೇ ಅಪ್ಪ ನೆನಪಾದ. ಮನೆ, ಬಾಗಿಲು, ಒಬ್ಬರು ಹೇಳುವುದು, ಇನ್ನೊಬ್ಬರು ತಲೆ ತಗ್ಗಿಸುವುದು. ಇದನ್ನು ಅವಳು ಹದಿನೆಂಟು ವರ್ಷ ನೋಡಿದ್ದಳು.

"ಅಂದ್ರೆ ನಾನು ಅಪ್ಪನ ಹಾಗೆ ಆಗ್ಬೇಕಾ?"

"ಅಯ್ಯೋ, ಅದಲ್ಲ ಕಣೇ!"

"ಮತ್ತೆ ಏನು?"

ಏನು ಅಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಏನು ಎನ್ನುವುದನ್ನು ಹೇಳಲು ಬರಲಿಲ್ಲ. ಅವಳು ಪೇಪರು ಮಡಿಸಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವನೂ ಬಂದು ಬಾಗಿಲಲ್ಲಿ ನಿಂತು, "ಬಿಡು, ನಾನು ಹೇಳ್ಲೇ ಇಲ್ಲ ಅನ್ಕೋ," ಅಂದ.

ಆದರೆ ಆಡಿದ ಮಾತು ಎಲ್ಲಿಗೆ ಹೋಗುತ್ತದೆ? ಊಟದ ಮೇಜಿನಲ್ಲಿ ಅವರಿಬ್ಬರ ನಡುವೆ ಮೂರನೆಯವರ ಹಾಗೆ ಕೂತುಕೊಂಡಿತು. ಇಬ್ಬರೂ ಅತಿಯಾಗಿ ಮರ್ಯಾದೆ ತೋರಿಸತೊಡಗಿದರು. ಅವನ ನಗು ಪಕ್ಕದ ಬೀದಿಗಿರಲಿ, ಪಕ್ಕದ ಕೋಣೆಗೂ ಕೇಳದಷ್ಟಾಯಿತು. ವರ್ಕ್‌ಶಾಪಿನ ಪಾಲಿಶ್ ಮಾಡುವವನು ಒಂದು ದಿನ ಎಂದಿನ ಚೇಷ್ಟೆಯಲ್ಲಿ, "ಏನ್ ಯಜಮಾನ್ರೇ, ಮನೆಯವ್ರು ಕಿವಿ ಹಿಂಡಿದ್ರಾ?" ಎಂದನಂತೆ. ಅದಕ್ಕೆ ಎರಡರಷ್ಟು ತಿರುಗಿಸಿ ಕೊಡುತ್ತಿದ್ದ ಮನುಷ್ಯ ಅವತ್ತು ಉಳಿಯನ್ನು ಬೆಂಚಿನ ಮೇಲೆ ಕುಕ್ಕಿ ಹೊರಗೆ ಹೋಗಿಬಿಟ್ಟನಂತೆ. ತಾನು ಗಂಡಸಾಗಿ ಎಲ್ಲೋ ಕಡಿಮೆ ಬಿದ್ದೆ, ಅದನ್ನು ಹೆಂಡತಿಯ ಮುಂದೆ ತಾನೇ ಒಪ್ಪಿಸಿಯೂ ಬಂದೆ ಎಂದು ಅವನು ಒಳಗೊಳಗೇ ಕುದಿಯುತ್ತಿದ್ದ.

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಒಬ್ಬ ಆಪ್ತಸಲಹೆಗಾರ್ತಿ ಇದ್ದರು. ನಿದ್ದೆ ಬಾರದವರು, ಮನಸ್ಸು ಕೆಟ್ಟವರು, ಸಂಸಾರ ಕೆಟ್ಟವರು ಅವರ ಹತ್ತಿರ ಹೋಗುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಕ್ಯಾಂಟೀನಿನಲ್ಲಿ ಉಸಿರಕ್ಕನ ಎದುರಿಗೇ ಕೂರುತ್ತಿದ್ದರು. ಒಂದು ದಿನ ಅವಳು ಧೈರ್ಯ ಮಾಡಿ, "ಮೇಡಂ, ನನ್ನ ಗೆಳತಿ ಒಬ್ಳು ಇದಾಳೆ..." ಎಂದು ಶುರು ಮಾಡಿದಳು. ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿ ಮುಗಿಸಿದಳು.

"ನಿಮ್ಮ ಗೆಳತಿ ಸರಿಯಾಗಿ ಊಟ ಮಾಡ್ತಿಲ್ಲ ಅನ್ಸುತ್ತೆ," ಎಂದರು ಅವರು, ಅವಳ ಮುಂದಿದ್ದ ತುಂಬಿದ ಡಬ್ಬಿ ನೋಡುತ್ತಾ. "ಮೊದ್ಲು ತಿನ್ನಿ. ತಿಂತಾ ಕೇಳಿ. ಇದು ಕಾಯಿಲೆ ಅಲ್ಲ. ಇಂಥ ಆಸೆ ತುಂಬಾ ಜನಕ್ಕಿರುತ್ತೆ, ಬಾಯಿ ಬಿಡಲ್ಲ ಅಷ್ಟೇ. ಕೆಲವ್ರಿಗೆ ಹೇಳೋದು ಇಷ್ಟ, ಕೆಲವ್ರಿಗೆ ಹೇಳಿಸ್ಕೊಳ್ಳೋದು. ಗಂಡಸು ಹೆಂಗಸು ಅಂತ ಭೇದ ಇಲ್ಲ."

"ಅವಳ ಅಪ್ಪ ಹಾಗಿದ್ರು ಮೇಡಂ. ಅವಳಿಗೆ ಅದೇ ಹೆದ್ರಿಕೆ."

"ಅವರಪ್ಪ ಯಾರನ್ನಾದ್ರೂ ಕೇಳಿ ಅಧಿಕಾರ ತಗೊಂಡಿದ್ರಾ? ಕಿತ್ಕೊಂಡಿದ್ರು. ಇಲ್ಲಿ ಒಬ್ರು ಕೈಯಾರೆ ಕೊಡ್ತೀನಿ ಅಂತಿದಾರೆ. ಯಾವಾಗ ಬೇಕಾದ್ರೂ ವಾಪಸ್ ಇಸ್ಕೋಬಹುದು. ಎಲ್ಲಿಂದ ಎಲ್ಲಿವರೆಗೆ ಅಂತ ಮೊದ್ಲೇ ಮಾತಾಡ್ಕೋಬೇಕು. ನಿಲ್ಸು ಅಂದ್ರೆ ಆ ಕ್ಷಣಕ್ಕೇ ನಿಲ್ಬೇಕು. ಆಮೇಲೆ ಯಾಕೆ ಅಂದೆ ಅಂತ ಮುಖ ಗಂಟಿಕ್ಕಬಾರ್ದು. ಅಷ್ಟಿಲ್ಲ ಅಂದ್ರೆ ಅದು ಅವರಪ್ಪ ಮಾಡಿದ್ದೇ."

ಉಸಿರಕ್ಕ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು.

"ಇನ್ನೊಂದು," ಎಂದರು ಅವರು ಏಳುತ್ತಾ. "ನಿಮ್ಮ ಗೆಳತಿಗೆ ಬೇಡ ಅನ್ನಿಸಿದ್ರೆ ಬೇಡ. ಗಂಡ ಆಸೆ ಪಟ್ರು ಅಂತ ಮನಸ್ಸಿಲ್ಲದೆ ಒಪ್ಕೊಂಡ್ರೆ ಅದೂ ಒಂಥರ ಬಲವಂತವೇ. ಅವ್ರಿಗೆ ಏನ್ ಬೇಕು ಅನ್ನೋದಾಯ್ತು. ಇವ್ರಿಗೆ ಏನ್ ಬೇಕು ಅಂತ ಯಾರಾದ್ರೂ ಕೇಳಿದಾರಾ?"

ಆ ಪ್ರಶ್ನೆ ಅವಳ ತಲೆ ಕೊರೆಯಿತು. ತನಗೆ ಏನು ಬೇಕು ಎಂದು ಅವಳು ಅದುವರೆಗೆ ತನ್ನನ್ನೇ ಕೇಳಿಕೊಂಡಿರಲಿಲ್ಲ. ಕೆಲವು ದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗಂಡ ಹೇಳಿದ್ದನ್ನು ನೆನೆದಾಗ ಹೆದರಿಕೆ ಮಾತ್ರವಲ್ಲ, ಅದರಡಿಯಲ್ಲಿ ಒಂದು ಕುತೂಹಲವೂ ಇತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಆದರೆ ಒಪ್ಪಿಕೊಂಡಳು.

ಮುಂದಿನ ಶನಿವಾರ ಆಸ್ಪತ್ರೆ ಅರ್ಧ ದಿನ. ಅವಳು ನೇರ ವರ್ಕ್‌ಶಾಪಿಗೆ ಹೋದಳು. ಕೆಲಸದವರು ಮನೆಗೆ ಹೋಗಿದ್ದರು. ಮರದ ಹೊಟ್ಟಿನ ರಾಶಿಯ ಪಕ್ಕ, ಅರ್ಧ ಮುಗಿದ ಒಂದು ಮಂಚದ ಮೇಲೆ ಇಬ್ಬರೂ ಕೂತರು. ಆ ಮಾತುಕತೆಯಷ್ಟು ಮುಜುಗರದ್ದು ಅವರ ಜೀವನದಲ್ಲಿ ಇನ್ನೊಂದಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ಎದುರಿನ ಗರಗಸವನ್ನೇ ನೋಡುತ್ತಾ ಮಾತಾಡಿದರು. ಬೈಗುಳ ಕೂಡದು, ಕೈ ಎತ್ತುವುದು ಕೂಡದು, ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಲ್ಲುವುದು ಮಾತ್ರ ಸುತರಾಂ ಕೂಡದು ಎಂದಳು ಅವಳು. ಅವನು ತನಗೇನು ಇಷ್ಟ ಎಂದು ತಡವರಿಸುತ್ತಾ ಹೇಳಿದ. ಅವಳ ಕಾಲ ಬಳಿ ನೆಲದಲ್ಲಿ ಕೂರುವುದು. ಕೇಳದೆ ಮಾತಾಡದಿರುವುದು. ಹೇಳಿದ್ದನ್ನು ಮಾಡುವುದು, ಹೇಳಿದ ಹಾಗೆ ಮುಟ್ಟುವುದು, ಹೇಳುವವರೆಗೆ ಮುಟ್ಟದಿರುವುದು. ಅದು ಶನಿವಾರ ಮಧ್ಯಾಹ್ನ, ಕೋಣೆಯೊಳಗೆ ಮಾತ್ರ. ಹೊರಗೆ ಬಂದರೆ ಎಂದಿನ ಹಾಗೆ ಅವನಿಗೆ ನೀವು, ಅವಳಿಗೆ ನೀನು.

"ನಿಲ್ಸೋಕೆ ಒಂದ್ ಮಾತು ಬೇಕು," ಎಂದಳು. "ಬೇಡ ಅನ್ನೋದು ಬೇರೆ ಅರ್ಥದಲ್ಲೂ ಬರ್ಬಹುದು. ಬೇರೆ ಏನಾದ್ರೂ."

"ಬದನೆಕಾಯಿ," ಅಂದ ಅವನು, ತಟ್ಟನೆ.

"ಬದನೆಕಾಯಿ ಯಾಕ್ರೀ?"

"ಆ ಹೊತ್ನಲ್ಲಿ ಬೇರೆ ಯಾವ ಕಾರಣಕ್ಕೂ ಬಾಯಿಗೆ ಬರೋ ಪದ ಅಲ್ಲ."

ತುಂಬಾ ದಿನದ ಮೇಲೆ ಆ ವರ್ಕ್‌ಶಾಪಿನಲ್ಲಿ ಅವನ ನಗು ಕೇಳಿಸಿತು.

ಮೊದಲ ಸಲ ಏನೂ ಸಾಗಲಿಲ್ಲ. ಅವಳು ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ನೀನು... ನಿಮಗೆ ಆಗುತ್ತೆ ಅಂದ್ರೆ, ಇಲ್ಲಿ ಸ್ವಲ್ಪ ಕೂತ್ಕೊಳ್ತೀಯಾ?" ಎಂದಳು. ಅವನು ತಡೆದುಕೊಳ್ಳಲು ನೋಡಿ, ಆಗದೆ, ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಇಬ್ಬರೂ ಕಾಫಿ ಕುಡಿದು ವಾಕಿಂಗ್ ಹೋದರು.

ಎರಡನೇ ಸಲ ಅವಳು, ಅಪ್ಪಣೆ ಎಂದರೆ ಗಟ್ಟಿ ದನಿ ಇರಬೇಕು ಅಂದುಕೊಂಡಳು. ಅವನು ಏನೋ ಸರಿಯಾಗಿ ಕೇಳಿಸಿಕೊಳ್ಳದೆ ತಲೆ ಎತ್ತಿ ನೋಡಿದ. "ಏನು, ಕಿವಿ ಇಲ್ವಾ ನಿನಗೆ?" ಎಂದುಬಿಟ್ಟಳು.

ಅಪ್ಪನ ಆ ಮಾತು ಅವಳ ಬಾಯಿಂದಲೇ ಬಂದಿತ್ತು. ದನಿಯ ಏರು, ಕೊನೆಯಲ್ಲಿನ ಒತ್ತು, ಎಲ್ಲ ಅಚ್ಚು ಹಾಕಿದ ಹಾಗೆ.

"ಬದನೆಕಾಯಿ," ಎಂದಳು. "ಬದನೆಕಾಯಿ, ಬದನೆಕಾಯಿ."

ಆ ಮಾತು ಅವನಿಗಾಗಿ ಮಾತ್ರ ಇಟ್ಟುಕೊಂಡದ್ದು ಎಂದು ಅದುವರೆಗೆ ಇಬ್ಬರೂ ತಿಳಿದಿದ್ದರು. ಅವನು ಒಂದೇ ನೆಗೆತಕ್ಕೆ ಎದ್ದು, ನೀರು ತಂದುಕೊಟ್ಟು, ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದ. ಯಾಕೆ ಎಂದು ಕೇಳಲಿಲ್ಲ. ಅವಳೇ ಹೇಳಿದಳು. ಗೇಟಿನ ಸದ್ದಿನಿಂದ ಹಿಡಿದು ಎಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅಪ್ಪನ ಬಗ್ಗೆ ಅಷ್ಟು ವಿವರವಾಗಿ ಅವಳು ಮಾತಾಡಿದ್ದು ಅದೇ ಮೊದಲು. ಅದಾದ ಮೇಲೆ ಕೆಲವು ಶನಿವಾರ ಸುಮ್ಮನೆ ಕಳೆದವು. ಅವನು ಆ ವಿಷಯ ಎತ್ತಲೇ ಇಲ್ಲ.

ಮತ್ತೆ ಶುರು ಮಾಡಿದ್ದು ಅವಳೇ. ಆ ಮಧ್ಯಾಹ್ನ ಅವಳು ದನಿ ಏರಿಸಲು ಹೋಗಲಿಲ್ಲ. ಎಕ್ಸ್‌ರೇ ಕೋಣೆಯಲ್ಲಿ ದಿನಾ ಆಡುವ ದನಿಯಲ್ಲೇ, "ಬಾ. ಇಲ್ಲಿ ಕೂತ್ಕೋ," ಎಂದಳು. ಅವನು ಬಂದು ಕೂತ. "ಉಸಿರು ಎಳ್ಕೋ. ಹಿಡ್ಕೋ. ಅಲುಗಾಡ್ಬೇಡ." ಆ ದೊಡ್ಡ ಭುಜಗಳು ಮೆಲ್ಲಗೆ ಕೆಳಗಿಳಿದದ್ದನ್ನು ಅವಳು ಕಣ್ಣಾರೆ ಕಂಡಳು. "ಸರಿ. ಬಿಡು."

"ನೀವು ಹೇಳಿದ ಹಾಗೆ," ಅಂದ ಅವನು, ಕಣ್ಣು ಮುಚ್ಚಿಕೊಂಡು.

ಅದರ ಮುಂದಿನದು ಅವರಿಬ್ಬರ ವಿಷಯ.

ಹೇಳಬಹುದಾದದ್ದು ಇಷ್ಟು: ಅಪ್ಪಣೆ ಕೊಡುವುದು ಸುಲಭವಲ್ಲ ಎಂದು ಅವಳಿಗೆ ತಿಳಿಯಿತು. ಅವನ ಮುಖ ನೋಡುತ್ತಿರಬೇಕು, ಉಸಿರು ನೋಡುತ್ತಿರಬೇಕು, ಮಂಡಿ ನೋವಾಯಿತೇನೋ, ಸುಮ್ಮನಿರುವುದು ನೆಮ್ಮದಿಯಿಂದಲೋ ಸಂಕಟದಿಂದಲೋ ಎಂದು ನಿಗಾ ಇಡಬೇಕು. ಅಪ್ಪ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಮುಗಿದ ಮೇಲೆ ಅವಳಿಗೇ ಹೆಚ್ಚು ಸುಸ್ತಾಗುತ್ತಿತ್ತು. ಆಗ ಅವನು ಬಿಸಿನೀರು ಕಾಯಿಸಿ ಕೊಡುತ್ತಿದ್ದ, ಒಟ್ಟಿಗೆ ಮಲಗಿ ಹರಟುತ್ತಿದ್ದರು. ಆದರೆ ಸುಖವೂ ಇತ್ತು, ಅದನ್ನು ಮುಚ್ಚಿಡುವುದೇಕೆ? ಒಬ್ಬ ಮನುಷ್ಯ ತನ್ನನ್ನು ಅಷ್ಟು ನಂಬಿ ಕಣ್ಣು ಮುಚ್ಚಿ ಕೂತಿದ್ದಾನೆ ಎನ್ನುವುದು ಅವಳಿಗೆ ಹೊಸ ರುಚಿ. ವಾರದ ಮಿಕ್ಕ ದಿನಗಳಲ್ಲೂ ಅವಳ ನಡಿಗೆ ಬದಲಾಯಿತು. ಒಂದು ದಿನ ತರಕಾರಿಯವನಿಗೆ, "ಇದನ್ನ ತೆಗೀಪ್ಪ, ಒಳ್ಳೇದು ಹಾಕು," ಎಂದು ಹೇಳಿ, ಅರ್ಧ ದಾರಿ ಬಂದ ಮೇಲೆ ತಾನು ಹೇಳಿದ್ದು ನೆನಪಾಗಿ ನಿಂತುಬಿಟ್ಟಳು.

ಹೀಗಿರುವಾಗ ತಮ್ಮನ ಮನೆಯ ತಾರಸಿ ಒಡೆದು ಕಟ್ಟುವ ಕೆಲಸ ಶುರುವಾಗಿ, ಅವನ ಜೊತೆಯಲ್ಲಿದ್ದ ತಾಯಿ ಮಗಳ ಮನೆಗೆ ಬಂದಳು. ಅರವತ್ತೈದು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಮಾತು ಕಡಿಮೆ, ಕಿವಿ ಚುರುಕು. ಬಂದ ಮೂರನೇ ದಿನ ಊಟಕ್ಕೆ ಬಡಿಸುತ್ತಾ, "ಬದನೆಕಾಯಿ," ಎಂದು ಘೋಷಿಸಿದಳು. ಗಂಡ ಹೆಂಡತಿ ಇಬ್ಬರ ಕೈಯೂ ತಟ್ಟೆಯ ಮೇಲೆ ಗಕ್ಕನೆ ನಿಂತಿತು. "ಯಾಕೆ, ಅಳಿಯಂದ್ರು ತಿನ್ನಲ್ವಾ?" ಎಂದು ಅವಳು ಕೇಳಿದರೆ, ಅಳಿಯನಿಗೆ ನೆತ್ತಿಗೆ ಹತ್ತಿ ಕೆಮ್ಮೇ ಕೆಮ್ಮು.

ಶನಿವಾರ ಮಧ್ಯಾಹ್ನ ತಾಯಿ ಮಗನ ಮನೆಗೆ ಹೋಗಿ, ಗಾರೆಯವರಿಗೆ ನಾಲ್ಕು ಮಾತು ಹೇಳಿ, ಸಂಜೆ ಬರುತ್ತಿದ್ದಳು. ಒಂದು ಶನಿವಾರ ಗಾರೆಯವರೇ ಬಂದಿರಲಿಲ್ಲ. ಅವಳು ಬೇಗ ಹಿಂತಿರುಗಿ, ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದಳು. ಮುಚ್ಚಿದ ಕೋಣೆಯಿಂದ ಮಗಳ ದನಿ ಕೇಳಿಸಿತು: "ನಾನು ಹೇಳೋವರೆಗೂ ಅಲ್ಲೇ ಇರು. ತಲೆ ಎತ್ತಬೇಡ." ಅದಕ್ಕೆ ಅಳಿಯನ ದನಿ, ಮೆತ್ತಗೆ: "ಆಯ್ತು, ನೀವು ಹೇಳಿದ ಹಾಗೆ."

ಅವರು ಹೊರಗೆ ಬಂದಾಗ ತಾಯಿ ಅಡುಗೆಮನೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಬಟ್ಟೆಯ ಬ್ಯಾಗು.

"ಅಮ್ಮಾ, ಯಾವಾಗ ಬಂದೆ? ಎಲ್ಲಿಗೆ ಹೊರಟೆ?"

"ತಾರಸಿ ಇಲ್ದಿದ್ರೂ ಪರ್ವಾಗಿಲ್ಲ, ಅಲ್ಲೇ ಇರ್ತೀನಿ." ತಾಯಿ ಮಗಳ ಮುಖ ನೋಡಲಿಲ್ಲ. "ನಿಮ್ಮಪ್ಪ ಹೋದ, ಮುಗೀತು ಅಂತ ಇಷ್ಟು ವರ್ಷ ನಿಶ್ಚಿಂತೆಯಾಗಿದ್ದೆ. ಹೋಗಿಲ್ಲ ಅವನು. ನಿನ್ನ ಗಂಟಲಲ್ಲಿ ಕೂತಿದಾನೆ."

ಬಡಗಿ ಮುಂದೆ ಬಂದ. ಅವನ ಕಿವಿ ಕೆಂಪಾಗಿದ್ದರೂ ದನಿ ಗಟ್ಟಿಯಾಗಿತ್ತು. "ಅತ್ತೆ, ತಪ್ಪು ತಿಳ್ಕೋಬೇಡಿ. ನಾನೇ ಕೇಳಿದ್ದು ಇದನ್ನ. ನನಗಿಷ್ಟ ಇದೆ ಅಂತಲೇ ನಡೀತಿರೋದು."

"ಹೂಂ," ಎಂದಳು ತಾಯಿ. "ನಾನೂ ಹಾಗೇ ಹೇಳ್ತಿದ್ದೆ. ಪಕ್ಕದ ಮನೆಯವ್ರು ಕೇಳಿದ್ರೆ, ನನಗೇನು ಕಷ್ಟ, ನನಗೆ ಹೀಗೇ ಇಷ್ಟ ಅಂತಿದ್ದೆ."

ಉಸಿರಕ್ಕ ತಾಯಿಯ ಪಕ್ಕ ನೆಲದಲ್ಲಿ ಕುಸಿದು ಕೂತು, "ಇವತ್ತೊಂದಿನ ಇರಮ್ಮ. ನೀನೇ ನೋಡು. ನೋಡಿ ಆಮೇಲೆ ಹೋಗು," ಎಂದಳು. ತಾಯಿ ಉಳಿದಳು. ಆದರೆ ಬ್ಯಾಗು ಬಿಚ್ಚಲಿಲ್ಲ.

ಸೋಮವಾರ ಮಗಳು ಆಸ್ಪತ್ರೆಗೆ ಹೋದ ಮೇಲೆ ತಾಯಿ ವರ್ಕ್‌ಶಾಪಿಗೆ ಹೋದಳು. ಇದನ್ನು ಬಡಗಿ ಆಮೇಲೆ ಹೆಂಡತಿಗೆ ಹೇಳಿದ. ಅಳಿಯನನ್ನು ಹೊರಗೆ ಕರೆದು, ಅಡ್ಡ ಮಾತಿಲ್ಲದೆ ಕೇಳಿದಳಂತೆ: "ನೀವು ಆಗಲ್ಲ ಅಂದ್ರೆ ಏನಾಗುತ್ತೆ?"

"ನಿಂತು ಹೋಗುತ್ತೆ ಅತ್ತೆ."

"ಅಂದಿದೀರಾ ಯಾವಾಗಾದ್ರೂ?"

"ಅಂದಿದೀನಿ. ಒಂದ್ಸಲ ಮಂಡಿ ನೋವಿಗೆ. ಇನ್ನೊಂದ್ಸಲ ಸುಮ್ನೆ, ಮನಸ್ಸಾಗ್ಲಿಲ್ಲ. ಅವಳೂ ಅಂದಿದಾಳೆ."

"ಮಾರನೇ ದಿನ ಹೇಗಿದ್ಲು?"

ಬಡಗಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಮಾರನೇ ದಿನ? ಎಂದಿನ ಹಾಗೆ ಇದ್ಲು. ಮಂಡಿಗೆ ಎಣ್ಣೆ ಹಚ್ಚಿದ್ಲು."

"ಊಟ ಸರಿಯಾಗಿ ಹಾಕಿದ್ಲಾ? ಮಾತು ಬಿಟ್ಟಿದ್ಲಾ? ಪಾತ್ರೆ ಕುಕ್ಕಿದ್ಲಾ?"

"ಇಲ್ಲ ಅತ್ತೆ."

ತಾಯಿ, "ಆಗಲ್ಲ ಅಂದಿದ್ದಕ್ಕೆ ಬೆಲೆ ತೆರೋದು ಮಾರನೇ ದಿನ," ಎಂದು ಹೇಳಿ ಹೊರಟುಹೋದಳಂತೆ.

ಅವಳ ಮನಸ್ಸು ತಿರುಗಿದ್ದು ಆ ಮಾತುಕತೆಯಿಂದಲ್ಲ, ಅದರ ಮುಂದಿನ ವಾರದ ಒಂದು ಜಗಳದಿಂದ. ಗಂಡ ಹೆಂಡತಿ ರಜೆ ಹಾಕಿ ಸಮುದ್ರದ ಕಡೆ ಹೋಗುವುದೆಂದು ಬಹಳ ದಿನದಿಂದ ಮಾತಾಗಿತ್ತು. ಬಡಗಿ ಒಂದು ಹಾಸ್ಟೆಲಿನ ಮಂಚಗಳ ಕೆಲಸವನ್ನು ಹೆಂಡತಿಗೆ ಒಂದು ಮಾತೂ ಹೇಳದೆ ಒಪ್ಪಿಕೊಂಡು ಬಂದ. ರಜೆ ನೀರು ಪಾಲಾಯಿತು.

"ಒಂದ್ ಮಾತು ಕೇಳ್ಬಾರ್ದಿತ್ತೇನ್ರೀ?" ಎಂದಳು ಉಸಿರಕ್ಕ, ದನಿ ಏರಿಸಿಯೇ.

"ಕೇಳೋಕೆ ಟೈಮ್ ಎಲ್ಲಿತ್ತು? ಬಂದ ಕೆಲಸ ಬಿಡೋಕಾಗುತ್ತಾ?"

"ನನ್ನ ರಜೆಗೆ ಬೆಲೆ ಇಲ್ವಾ?"

"ನನ್ನ ಕೆಲಸಕ್ಕೆ ಬೆಲೆ ಇಲ್ವಾ? ಅರ್ಥ ಮಾಡ್ಕೊಳ್ಳೇ ಸ್ವಲ್ಪ!"

ಬೀದಿಗೆ ಕೇಳುವ ಹಾಗೆ ಕೂಗಾಡಿದರು. ಅವನು ಮೇಜು ಗುದ್ದಿ ಮಾತಾಡಿದ. ಅವಳು ಅವನ ಹಳೆಯ ನಾಲ್ಕು ತಪ್ಪು ಎತ್ತಿ ಆಡಿದಳು. ಅವನು ಅವಳ ಐದು. ಕಡೆಗೆ ಅವನು ದಡಾರನೆ ಬಾಗಿಲು ಹಾಕಿಕೊಂಡು ಹೊರಗೆ ಹೋದ. ಅರ್ಧ ಗಂಟೆಯಲ್ಲಿ ಬಿಸಿ ಬಿಸಿ ಬನ್ನು ಕಟ್ಟಿಸಿಕೊಂಡು ಬಂದು, "ತಪ್ಪು ನಂದೇ, ಕೇಳ್ಬೇಕಿತ್ತು. ಆದ್ರೆ ಕೆಲಸ ಬಿಡಲ್ಲ," ಅಂದ. ಅವಳು ಮುಖ ಊದಿಸಿಕೊಂಡೇ ಬನ್ನು ತಿಂದಳು. ರಜೆ ಎರಡು ತಿಂಗಳು ಮುಂದಕ್ಕೆ ಹೋಯಿತು.

ಇಷ್ಟೂ ಹೊತ್ತು ತಾಯಿ ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದಳು. ಮರುದಿನ ಮಗಳು ಬಟ್ಟೆ ಒಣಹಾಕುವಾಗ ಬಂದು, ಒದ್ದೆ ಟವೆಲಿನ ಒಂದು ತುದಿ ಹಿಡಿದುಕೊಂಡಳು.

"ನಿನ್ನೆ ಕೂಗಾಡಿದ್ರಲ್ಲ ಅವ್ರು, ನಿನ್ನ ಕಡೆ ನೋಡ್ಕೊಂಡೇ ಕೂಗಾಡಿದ್ರು."

"ಕೇಳಿಸ್ಕೊಂಡ್ಯಾ? ಬೇಜಾರ್ ಮಾಡ್ಕೋಬೇಡಮ್ಮ, ಅವ್ರ ಬಾಯಿ ಜೋರು ಅಷ್ಟೇ."

"ಬೇಜಾರಲ್ಲ ಕಣೇ. ಹೆದರಿದವ್ರು ಹಾಗೆ ಎದುರು ಮಾತಾಡಲ್ಲ. ನಾನು ಒಂದಿನಾನೂ ಆಡಲಿಲ್ಲ." ಟವೆಲು ಕೊಡವಿದಳು. "ನೀವು ಒಳಗೆ ಏನ್ ಮಾಡ್ತೀರೋ ನನಗೆ ಅರ್ಥ ಆಗಲ್ಲ, ಆಗೋದೂ ಬೇಡ. ಅದ್ರಲ್ಲಿ ಏನು ಸುಖ ಇದೆಯೋ ಆ ಮಹಾರಾಯರಿಗೇ ಗೊತ್ತು. ಆದ್ರೆ ಇದು ಅದಲ್ಲ. ಅಷ್ಟು ಗೊತ್ತಾಯ್ತು."

ಮಗಳು ತುಸು ಅನುಮಾನಿಸಿ, "ನಿಲ್ಸೋಕೆ ಒಂದು ಮಾತು ಇಟ್ಕೊಂಡಿದೀವಮ್ಮ. ಅದು ಬಂದ ತಕ್ಷಣ ಎಲ್ಲಾ ಬಂದ್," ಎಂದಳು.

"ಏನ್ ಮಾತು?"

ಉಸಿರಕ್ಕ ಹೇಳಿದಳು. ತಾಯಿಯ ಹೊಟ್ಟೆ ಕುಲುಕತೊಡಗಿತು. ಬಟ್ಟೆಯ ತಂತಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನೀರು ನಗು ನಿಂತ ಮೇಲೂ ಸ್ವಲ್ಪ ಹೊತ್ತು ನಿಲ್ಲಲಿಲ್ಲ. ಮೂಗು ಒರೆಸಿಕೊಂಡು ತಾಯಿ ಒಳಗೆ ಹೋಗಿ ಬ್ಯಾಗು ಬಿಚ್ಚಿದಳು.

ತಾರಸಿ ಮುಗಿದ ಮೇಲೆ ತಮ್ಮ ಕರೆಯಲು ಬಂದ. ಇಲ್ಲೇ ಇರುತ್ತೇನೆಂದು ತಾಯಿ ಹೇಳಿದಳು. ಯಾರೂ ಅವಳ ಮೇಲೆ ಒತ್ತಾಯ ಹೇರಲಿಲ್ಲ. ಬಡಗಿ ಹಿಂದಿನ ಜಗಲಿಗೆ ಗೋಡೆ ಕಟ್ಟಿಸಿ ಅವಳಿಗೊಂದು ಕೋಣೆ ಮಾಡಿಕೊಟ್ಟ. ಶನಿವಾರ ಮಧ್ಯಾಹ್ನ ಊಟವಾದದ್ದೇ ತಾಯಿ ಚಪ್ಪಲಿ ಮೆಟ್ಟಿ, "ಸಂಜೆ ಆರಕ್ಕೆ ಬರ್ತೀನಿ," ಎಂದು ಬೇಕೆಂದೇ ಎರಡೆರಡು ಸಲ ಹೇಳಿ, ಮಗನ ಮನೆಗೆ ಮೊಮ್ಮಕ್ಕಳನ್ನು ನೋಡಲು ಹೋಗುತ್ತಿದ್ದಳು. ಬರುವಾಗ ಬಾಗಿಲ ಬಳಿ ಒಂದು ಬಲವಾದ ಕೆಮ್ಮು ಕೆಮ್ಮುತ್ತಿದ್ದಳು.

ಎಲ್ಲ ಶನಿವಾರಗಳೂ ಒಂದೇ ಥರ ಇರಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಾಗಿ ಉಸಿರಕ್ಕ ಹೈರಾಣಾದ ಒಂದು ಮಳೆಗಾಲವಿಡೀ ಅವಳು, "ಈಗ ನನ್ನ ಕೈಲಿ ಆಗಲ್ಲ ರೀ, ಯಾರಿಗೂ ಏನೂ ಹೇಳೋ ತ್ರಾಣ ಇಲ್ಲ," ಎಂದಳು. ಅವನು ಎರಡು ದಿನ ಸಪ್ಪಗಿದ್ದ. ಮೂರನೇ ದಿನ ಸರಿಹೋದ. ಅವಳು ಮತ್ತೆ ಕರೆಯುವವರೆಗೆ ಕಾದ. ಇನ್ನು ವರ್ಷಗಳು ಕಳೆದ ಹಾಗೆ ಅವನ ಮಂಡಿ ಕೈಕೊಟ್ಟಿತು. ಅದರ ಎಕ್ಸ್‌ರೇಯನ್ನೂ ಅವಳೇ ತೆಗೆದಳು. ನೆಲದಲ್ಲಿ ಕೂರುವುದನ್ನು ಬಿಡಬೇಕು ಎಂದರು ಡಾಕ್ಟರು. ಅವನು ಪೆಚ್ಚುಮೋರೆ ಹಾಕಿಕೊಂಡು ಬಂದು, ಒಂದು ವಾರ ಯೋಚಿಸಿ, ಒಂದು ಗೇಣೆತ್ತರದ, ಮೆತ್ತೆ ಹಾಕಿದ ತಗ್ಗಿನ ಮಣೆಯೊಂದನ್ನು ಮಾಡಿ ಪಾಲಿಶ್ ಹೊಡೆಸಿ ತಂದ. ಪಾಲಿಶ್‌ನವನು ಯಾತಕ್ಕೆ ಎಂದು ಕೇಳಿದ್ದಕ್ಕೆ, "ಮನೆಯವ್ರು ಹೇಳಿದಾರೆ," ಎಂದನಂತೆ.

ಎರಡು ವಾರದಲ್ಲಿ ಅದು ಕೋಣೆಯ ಮೂಲೆಯಿಂದ ಮಾಯವಾಯಿತು. ಹುಡುಕಿದರೆ ತಾಯಿಯ ಕೋಣೆಯಲ್ಲಿ ಸಿಕ್ಕಿತು. ಅವಳು ಕುರ್ಚಿಯಲ್ಲಿ ಒರಗಿ, ಎರಡೂ ಕಾಲು ಅದರ ಮೇಲಿಟ್ಟುಕೊಂಡು, ಪೇಪರು ಓದುತ್ತಿದ್ದಳು.

"ತುಂಬಾ ಚೆನ್ನಾಗಿದೆ ಅಳಿಯಂದ್ರೇ, ಕಾಲಿಗೆ ಹೇಳಿ ಮಾಡಿಸಿದ ಹಾಗಿದೆ," ಎಂದಳು. "ನಿಮಗೆ ಬೇಕಿತ್ತಾ?"

"ಇಲ್ಲ ಅತ್ತೆ, ಇಟ್ಕೊಳ್ಳಿ," ಅಂದ ಬಡಗಿ. ಮರುದಿನ ವರ್ಕ್‌ಶಾಪಿಗೆ ಹೋಗಿ ಅಂಥದ್ದೇ ಇನ್ನೊಂದಕ್ಕೆ ಮರ ಕೊಯ್ದ.